ನಡುವೆ ಒಣಗದ ಕೌದಿ

ದಸರೆಗೆ ಇನ್ನೊಂದು ವಾರ ಇದೆ ಅನ್ನುವಾಗ ಸಿಂಧನೂರಿನಿಂದ ತುರ್ವಿಹಾಳದ ಕಡೆ ಬಸ್ಸಿನಲ್ಲಿ ಹೋದರೆ, ಕಾಲುವೆಯ ಸೇತುವೆಗಳ ಮೇಲೆ ಊರೂರಿನ ಹಾಸಿಗೆ ಹೊದಿಕೆಗಳ ದರ್ಶನವಾಗುತ್ತದೆ. ಹಬ್ಬದೊಳಗೆ ಮನೆಯಲ್ಲಿರುವ ಹಾಸುವುದು ಹೊದೆಯುವುದನ್ನೆಲ್ಲ ಒಗೆಯಲೇಬೇಕು ಎನ್ನುವುದು ಈ ಕಡೆಯ ರೂಢಿ. ಕಾಲುವೆ ತುಂಬಿ ಹರಿಯುವ ಕಾಲ ಅದು. ಹೆಂಗಸರು ಕೌದಿಗಳನ್ನು ನೀರಿಗೆ ಹಾಕಿ, ತುಳಿದು, ಬಡಿದು, ಇಬ್ಬಿಬ್ಬರು ಎರಡು ತುದಿ ಹಿಡಿದು ಹಿಂಡಿ, ಸೇತುವೆಯ ಕಟ್ಟೆಯ ಮೇಲೆ ಹರವಿರುತ್ತಾರೆ. ಬಸ್ಸು ನಿಧಾನವಾದರೆ ಸಾಕು, ಒದ್ದೆ ಕೌದಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಸಾಬೂನು, ಹಳೆಯ ನೂಲು, ಮಕ್ಕಳ ತಲೆಗೆ ಹಚ್ಚಿದ ಎಣ್ಣೆ, ಎಲ್ಲ ಕೂಡಿದ ವಾಸನೆ. ನನಗೆ ಅದು ಬಲು ಇಷ್ಟ.

ಈ ವರ್ಷ ಸೇತುವೆಯ ಹತ್ತಿರ ಎದುರಿಗೆ ಭತ್ತ ಕೊಯ್ಯುವ ದೊಡ್ಡ ಮಷೀನು ಬಂದು ಬಸ್ಸು ನಿಂತಿತು. ಕಟ್ಟೆಯ ಮೇಲಿನ ಕೌದಿಗಳೆಲ್ಲ ಒಣಗಿ ಹಗುರಾಗಿದ್ದವು. ಒಂದು ಮಾತ್ರ ಸುತ್ತಲೂ ಒಣಗಿ, ನಟ್ಟನಡುವೆ ಮೊರದಷ್ಟಗಲ ಇನ್ನೂ ಕಪ್ಪಗೆ ಒದ್ದೆಯಾಗಿಯೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಯಾರೋ ಬರೋಬ್ಬರಿ ಹಿಂಡಿಲ್ಲ ನೋಡ್ರಿ" ಅಂದಳು. ನನಗೆ ನಗು ಬಂತು. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಹಿಂಡಿದವರ ತಪ್ಪಲ್ಲ, ಆ ಕೌದಿ ಒಣಗುವುದೇ ಹಾಗೆ ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು, ಅಷ್ಟರಲ್ಲಿ ಬಸ್ಸು ಹೊರಟಿತು. ಆಕೆಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ನರ್ಸು. ಊರವರ ಬಾಯಲ್ಲಿ ಸಿಸ್ಟರು. ಆಗಿನ್ನೂ ಹೊಸ ನೌಕರಿ, ತುರ್ವಿಹಾಳಕ್ಕೆ ಹಾಕಿದ್ದರು. ನಾನು ಹೋಗಿ ಸೇರಿದ್ದು ಬೇಸಿಗೆಯಲ್ಲಿ. ಎರಡನೆಯ ಬೆಳೆ ಕೊಯ್ಲಾಗಿ, ಕಾಲುವೆಗೆ ನೀರು ನಿಂತು, ಗದ್ದೆಗಳೆಲ್ಲ ಬಿರುಕು ಬಿಟ್ಟಿದ್ದವು. ಹಸಿರು ಊರು ಎಂದು ಕೇಳಿ ಬಂದವಳಿಗೆ ಸಿಕ್ಕಿದ್ದು ಕೂಳೆ ಸುಟ್ಟ ಕಪ್ಪು ನೆಲ, ಬಿಸಿಗಾಳಿ, ಕಾಲುವೆಯ ತಳದಲ್ಲಿ ಕ್ರಿಕೆಟ್ ಆಡುವ ಹುಡುಗರು. ಬಾಡಿಗೆಗೆ ಕೋಣೆ ಸಿಕ್ಕಿದ್ದು ಅಮರಮ್ಮನ ಮನೆಯಲ್ಲಿ. ಗಂಡ ತೀರಿ ಬಹಳ ಕಾಲವಾಗಿತ್ತು, ಒಬ್ಬಳೇ ಮಗಳು ಶರಣಮ್ಮ ಮದುವೆಯಾಗಿ ಮಸ್ಕಿಯಲ್ಲಿದ್ದಳು. ಅರವತ್ತರ ಆಸುಪಾಸಿನ ಅಮರಮ್ಮ ಭತ್ತದ ನಾಟಿ ಮಾಡುವ ಹೆಂಗಸರ ಒಂದು ಗುಂಪಿಗೆ ಮುಂದಾಳು. ಈ ಕಡೆ ಅದಕ್ಕೆ ನೆಲ್ಲು ಹಚ್ಚುವುದು ಅನ್ನುತ್ತಾರೆ. ನೀರು ಬಂದಾಗ ಹೆಂಗಸರನ್ನು ಗದ್ದೆಗೆ ಕೂಗಿ ಕರೆಯುವ ಆಕೆಯ ಧ್ವನಿ ಓಣಿಯ ಆ ತುದಿಗೂ ಕೇಳುತ್ತಿತ್ತಂತೆ. ನೀರಿಲ್ಲದ ಬೇಸಿಗೆಯಲ್ಲಿ ಆಕೆ ಬೇವಿನ ಮರದ ನೆರಳಿಗೆ ಚಾಪೆ ಹಾಕಿಕೊಂಡು ಕೌದಿ ಹೊಲಿಯುತ್ತಿದ್ದಳು. ಯಾರದೋ ಮನೆಯ ಬಾಣಂತಿಗೆ, ಯಾರದೋ ಮನೆಯ ಮದುಮಗಳಿಗೆ.

ಕಂಡವರ ಮನೆಯ ಪೆಟ್ಟಿಗೆಯೊಳಗೆ ಏನಿದೆ ಎಂದು ಇಣುಕುವ ಚಟ ನನಗೆ ಚಿಕ್ಕಂದಿನಿಂದ ಇದೆ. ಡ್ಯೂಟಿ ಮುಗಿಸಿ ಬಂದವಳು ಆ ಚಾಪೆಯ ತುದಿಗೆ ಕೂತು, ಈ ತುಂಡು ಯಾರದು, ಆ ತುಂಡು ಯಾರದು ಎಂದು ಕೇಳುವುದೇ ನನ್ನ ಸಂಜೆಯ ಕೆಲಸವಾಯಿತು. ಅಮರಮ್ಮನಿಗೆ ಬೇಸರವಿರಲಿಲ್ಲ. "ಇದು ಗೌಡ್ರ ಸೊಸೀದು, ಇದು ಆಕಿ ಅತ್ತೀದು. ಇಬ್ಬರೂ ಮಾತಾಡಂಗಿಲ್ಲ. ಅದಕ್ಕ ಒಂದರ ಮಗ್ಗಲ ಒಂದು ಇಟ್ಟೀನಿ" ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಆ ಬೇಸಿಗೆಯ ಒಂದು ಸೋಮವಾರ ಗುರುಗುಂಟದ ಅಮರೇಶ್ವರನ ಗುಡಿಗೆ ಹೋಗುತ್ತೇನೆಂದು ಹೊರಟಳು. ನನಗೂ ರಜೆ, ಲಿಂಗಸುಗೂರಿನಲ್ಲಿ ನಮ್ಮ ಮನೆ, ಜೊತೆಗೇ ಹೊರಟೆ. ದೇವರಾಯಿತು, ಲಿಂಗಸುಗೂರಿಗೆ ಬಂದು ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲೊಂದು ಕಾಲೇಜಿನ ಗೇಟಿಗೆ ಕೌದಿಗಳ ಪ್ರದರ್ಶನ ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ನಾವು ಒಳಗೆ ಹೋದದ್ದು ಕಲೆಯ ಮೇಲಿನ ಪ್ರೀತಿಗಲ್ಲ, ಫ್ಯಾನಿನ ಗಾಳಿಗೆ.

ಗೋಡೆಯ ಮೇಲೆ ಕೌದಿಗಳನ್ನು ಫೋಟೋದ ಹಾಗೆ ತೂಗು ಹಾಕಿದ್ದರು. ಅಮರಮ್ಮ ಅದನ್ನು ನೋಡಿ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು. ಹಾಸಿ ಹೊದ್ದು ಮಲಗುವುದನ್ನು ಎತ್ತರಕ್ಕೆ ಕಟ್ಟಿ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರೆ ಯಾರಿಗಾದರೂ ನಗು ಬರಬೇಕು. ಆಮೇಲೆ ಒಂದರ ಮುಂದೆ ನಿಂತಳು. ಅದರಲ್ಲಿ ಬಟ್ಟೆ ಕತ್ತರಿಸಿ ಹೊಲಿದ ಬಾವಿ, ಬಂಡಿ, ಗಿಳಿ, ಒಂದು ಮನೆ, ಬಾಗಿಲಲ್ಲಿ ನಿಂತ ಹೆಂಗಸು, ಎಲ್ಲ ಇದ್ದವು. ಕೆಳಗೆ ಚೀಟಿಯಲ್ಲಿ 'ಒಬ್ಬ ಹೆಣ್ಣುಮಗಳ ಬದುಕು' ಎಂದು ಬರೆದಿತ್ತು. ನಾನು ಓದಿ ಹೇಳಿದೆ.

ಅಲ್ಲಿ ಓಡಾಡುತ್ತಿದ್ದ ಲೆಕ್ಚರರ್ ಮೇಡಂ ಒಬ್ಬರನ್ನು ಅಮರಮ್ಮ ಕೇಳಿದಳು. "ಈಕಿ ಏನ್ ಮಾಡಿದಾಕಿರಿ?"

"ಅಂದ್ರ?"

"ಅಂದ್ರ, ಈಕೀದು ಗ್ವಾಡಿಗೆ ಹಾಕೀರಲ್ಲ. ಏನರೆ ಮಾಡಿರಬೇಕಲ್ಲ."

ಮೇಡಂ ಬೆವರು ಒರೆಸಿಕೊಂಡು ನಕ್ಕರು. "ಹಂಗೇನಿಲ್ಲಮ್ಮ. ಹೊಲ, ಮನಿ, ಮಕ್ಕಳು. ನಿಮ್ಮಂಗ. ತನ್ನ ಜೀವನಾನ ತಾನ ಹೊಲದಾಳ, ಅಷ್ಟ."

"ಏನೂ ಮಾಡದಾಕೀದು ಇಷ್ಟು ಮಂದಿ ನೋಡಾಕ ಬರ್ತಾರ?" ಅಮರಮ್ಮನ ದನಿಯಲ್ಲಿ ಕೊಂಕು ಇರಲಿಲ್ಲ, ಬರೀ ಆಶ್ಚರ್ಯ.

"ನೀವ ಬಂದೀರಲ್ಲ! ನೀವೂ ಒಂದು ಹೊಲದು ತರ್ರಿ. ಛಳಿಗಾಲಕ್ಕ ಮತ್ತ ಇಡ್ತೀವಿ" ಎಂದು ಮೇಡಂ ಬೇರೆಯವರ ಕಡೆ ಹೋದರು. ಸುಮ್ಮನೆ ಆಡಿದ ಮಾತು. ಅದು ಅಮರಮ್ಮನ ತಲೆಯೊಳಗೆ ಹೋಗಿ ಕೂತುಬಿಟ್ಟಿತು.

ಊಟಕ್ಕೆ ನಮ್ಮ ಮನೆಗೆ ಹೋದೆವು. ಬುದ್ಧನ ಫೋಟೋದ ಕೆಳಗೆ ಕೂತು ಅಮರಮ್ಮ ನಮ್ಮವ್ವನ ಮುಂದೆ ಪ್ರದರ್ಶನದ ಕಥೆಯನ್ನೆಲ್ಲ ಹೇಳಿದಳು. ನಮ್ಮವ್ವ ರೊಟ್ಟಿ ನೀಡುತ್ತ ಸುಮ್ಮನೆ ಕೇಳಿ, ಕೊನೆಗೆ, "ಕೌದಿ ಸುದ್ದಿ ಬ್ಯಾಡ್ರಿ ನನಗ" ಅಂದಳು. ನನಗೆ ಮುಜುಗರವಾಯಿತು. ಅಪ್ಪನಿಗೆ ನೌಕರಿ ಸಿಕ್ಕ ವರ್ಷವೇ ನಮ್ಮವ್ವ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊರಗೆ ಹಾಕಿ, ಅಂಗಡಿಯಿಂದ ಹೊಸ ಚಾದರ ತಂದಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಅಂದು ಆಕೆಯೇ ಹೇಳಿದಳು. "ಅವರಿವರ ಮನಿ ಕಸ ಬಳದು, ಅವರು ಕೊಟ್ಟ ಹಳೇ ಸೀರಿ ತಂದು ಹೊಲಕೊಂಡ ಕೌದಿ ಅವು. ಅದರಾಗ ನಮ್ಮದು ಅನ್ನೂದು ಒಂದು ತುಂಡು ಇರಲಿಲ್ಲ. ಮಂದಿ ಮೈ ವಾಸನಿ ಹೊತ್ಕೊಂಡು ಮಕ್ಕೊಂಡಂಗ ಆಗತಿತ್ತು. ಈಗ ಮುಟ್ಟಂಗಿಲ್ಲ ನಾ."

ಅಮರಮ್ಮನ ಕೈ ತಾಟಿನಲ್ಲೇ ನಿಂತಿತು. ಆಕೆಯ ಮನೆತನದವರೂ ಹಾಗೆ ಹಳೆಯ ಸೀರೆ ಕೊಟ್ಟವರೇ ಇರಬೇಕು. ಅವಳು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಊರಿಗೆ ಮರಳುವ ಬಸ್ಸಿನಲ್ಲಿ ಮಸ್ಕಿ ದಾಟಿದ ಮೇಲೆ ತಟ್ಟನೆ ಹೇಳಿದಳು. "ನಿಮ್ಮವ್ವ ಅಂದದ್ದು ಖರೇ ಐತಿ ಸಿಸ್ಟರವ್ವ. ನಾ ಎಟ್ಟೋ ಕೌದಿ ಹೊಲದೀನಿ. ಒಂದರಾಗೂ ನಾ ಇಲ್ಲ. ಒಂದರೆ ಪೂರಾ ನಂದ ಇರಬೇಕು ನೋಡು."

ಮರುದಿನ ಟ್ರಂಕು ತೆರೆದಳು. ನಾನು ಕಾದಿದ್ದೇ ಅದಕ್ಕೆ, ಡ್ಯೂಟಿಗೆ ತಡವಾದರೂ ಪರವಾಗಿಲ್ಲವೆಂದು ಪಕ್ಕದಲ್ಲೇ ಕೂತೆ. ಟ್ರಂಕಿನೊಳಗೆ ಈಚಿನ ನಾಲ್ಕಾರು ಸೀರೆ ಬಿಟ್ಟರೆ ಏನೂ ಇರಲಿಲ್ಲ. ಬದುಕಿಡೀ ಉಟ್ಟ ಸೀರೆಗಳು ಎಲ್ಲಿ ಹೋದವು? ಹೋದದ್ದು ಬೇರೆಯವರ ಕೌದಿಗಳಿಗೆ. ಒಂದು ತಂಗಿಯ ಬಾಣಂತನಕ್ಕೆ, ಒಂದು ಗೆಳತಿಯ ಮನೆಗೆ, ಒಂದು ಮಗಳಿಗೆ. ಉಟ್ಟು ಹಳತಾದದ್ದೆಲ್ಲ ಯಾರದೋ ಹೊದಿಕೆಯೊಳಗೆ ಸೇರಿತ್ತು. ತನ್ನ ಬದುಕನ್ನು ಹೊಲಿಯಬೇಕೆಂದವಳ ಹತ್ತಿರ ಹೊಲಿಯಲು ಬಟ್ಟೆಯೇ ಇರಲಿಲ್ಲ.

ಹಾಗಂತ ಆಕೆ ಬಿಡುವವಳಲ್ಲ. ಯಾವ ಸೀರೆ ಯಾವ ಊರಿನ ಯಾವ ಮನೆಯಲ್ಲಿದೆ ಎನ್ನುವುದು ಆಕೆಗೆ ಗೊತ್ತಿತ್ತು. ನನ್ನ ಹತ್ತಿರ ಸ್ಕೂಟಿ ಇತ್ತು, ಕುತೂಹಲವೂ ಇತ್ತು. ಆ ಬೇಸಿಗೆಯ ಭಾನುವಾರಗಳು ಹೀಗೆ ಕಳೆದವು. ಅಮರಮ್ಮ ಹಿಂದೆ ಕೂತು, ತಲೆಗೆ ಸೆರಗು ಬಿಗಿದು, ಕೈಯಲ್ಲಿ ಸೂಜಿ ದಾರದ ಚೀಲ ಹಿಡಿದು, ವಳಕಮದಿನ್ನಿ ಕಡೆ ಒಂದು ದಿನ, ಸಿಂಧನೂರಿಗೆ ಒಂದು ದಿನ. ಅಷ್ಟು ಬಿಸಿಲಿನಲ್ಲಿ ಬಟ್ಟೆಯ ತುಂಡಿಗಾಗಿ ತಿರುಗುವುದನ್ನು ನೋಡಿದವರು ಇಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಸಿಂಧನೂರಿನ ಹುಲಿಗೆಮ್ಮನ ಮನೆ ಚೆನ್ನಾಗಿ ನೆನಪಿದೆ. ಒಂದು ಕಾಲಕ್ಕೆ ಅಮರಮ್ಮನ ಜೊತೆ ಸಾಲಿನಲ್ಲಿ ನಿಂತು ನೆಲ್ಲು ಹಚ್ಚಿದವಳು, ಈಗ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಮಿರ್ಚಿ ಭಜಿ ಮಾಡುತ್ತಾಳೆ. ಬಂದ ಕಾರಣ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೊಟ್ಟದ್ದು ವಾಪಸ್ ಕೇಳಾಕ ಬಂದೀಯೇನಬೇ, ನಾಚಿಕಿ ಇಲ್ಲದಾಕಿ!"

"ಒಂದ ಒಂದು ತ್ಯಾಪಿ ಕೊಡಲೇ. ಆ ಕೆಂಪಂದು. ಮೊದಲ ಸಲ ಗದ್ದಿಗೆ ಇಳಿದಾಗ ಉಟ್ಟಿದ್ದೆ."

ಅಮರಮ್ಮ ಹುಟ್ಟಿದ್ದು ಮಸ್ಕಿಯ ಆಚೆಯ ಒಣ ಬೇಸಾಯದ ಊರಿನಲ್ಲಿ. ಮದುವೆಯಾಗಿ ಬಂದ ಮೇಲೆಯೇ ನೀರು ನಿಂತ ಗದ್ದೆಯನ್ನು ಆಕೆ ಕಂಡದ್ದು. ಮೊದಲ ದಿನ ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಹೂತು, ಹೆದರಿ ಚೀರಿದ್ದಳಂತೆ. ಹುಲಿಗೆಮ್ಮ ರಟ್ಟೆ ಹಿಡಿದು ಎಳೆದಿದ್ದಳಂತೆ. ಅದನ್ನು ಹೇಳುವಾಗ ಇಬ್ಬರೂ ಮುದುಕಿಯರು ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಕ್ಕರು. ಹುಲಿಗೆಮ್ಮ ಒಳಗಿನಿಂದ ಕೌದಿ ತಂದು ಹರವಿದಳು. ಕೆಂಪು ಎಂಬುದು ಈಗ ಹೆಸರಿಗೆ ಮಾತ್ರ, ಬಣ್ಣ ಹೋಗಿ ಇಟ್ಟಿಗೆ ಪುಡಿಯ ಹಾಗಾಗಿತ್ತು.

"ಬಿಚ್ಕೋ. ಆದ್ರ ತೂತು ಬಿಟ್ಟು ಹೋಗಬ್ಯಾಡ ಮತ್ತ" ಅಂದಳು ಹುಲಿಗೆಮ್ಮ. ಕೌದಿಯ ತೇಪೆ ತೆಗೆದರೆ ಆ ಜಾಗಕ್ಕೆ ಇನ್ನೊಂದು ಹಾಕಿಯೇ ಏಳಬೇಕು. ಅಮರಮ್ಮ ಚೀಲದಿಂದ ತನ್ನ ಹೊಸ ಸೀರೆಯೊಂದನ್ನು ತೆಗೆದು, ನಾನು ಬೇಡ ಅನ್ನುವಷ್ಟರಲ್ಲಿ ಪರ್ ಎಂದು ಹರಿದಳು. ಹಳೆಯ ತುಂಡು ಬಿಚ್ಚಿ ಹೊಸದನ್ನು ಹೊಲಿದು ಕೊಟ್ಟಳು. ಹೋದ ಮನೆಯಲ್ಲೆಲ್ಲ ಹೀಗೇ ಆಯಿತು. ಬೇಸಿಗೆ ಮುಗಿಯುವುದರೊಳಗೆ ಟ್ರಂಕಿನ ಒಳ್ಳೆಯ ಸೀರೆಗಳೆಲ್ಲ ಚೂರುಚೂರಾಗಿ ಮೂರು ತಾಲೂಕಿನಲ್ಲಿ ಹಂಚಿಹೋದವು.

ಹೊರಡುವಾಗ ಹುಲಿಗೆಮ್ಮ ಕೇಳಿದಳು. "ನನ್ನದೂ ಒಂದು ತುಂಡು ಹಾಕಬೇ. ನಾ ಎಳೀದಿದ್ರ ನೀ ಅಲ್ಲೇ ಹೂತು ಹೋಗ್ತಿದ್ದಿ."

"ಬ್ಯಾಡ. ಇದೊಂದು ನಂದ ಇರಲಿ."

ಹುಲಿಗೆಮ್ಮನ ಮುಖ ಸಣ್ಣದಾಯಿತು. "ಒಬ್ಬಾಕೀದ ಬಟ್ಟೀಲೆ ಕೌದಿ ಹೊಲೀಬಾರದು ಅಂತಾರ, ನೋಡು" ಅಂದವಳು, ಮಾತು ಅಲ್ಲಿಗೇ ನಿಲ್ಲಿಸಿ ಭಜಿ ಕಟ್ಟಿ ಕೊಟ್ಟಳು.

ಆ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ಮಸ್ಕಿಯಲ್ಲಿ, ಮಗಳ ಮನೆಯಲ್ಲಿ. ಶರಣಮ್ಮನ ಗಂಡನದು ಕಿರಾಣಿ ಅಂಗಡಿ, ಹಿಂದೆ ಮನೆ. ಶರಣಮ್ಮ ತಾಯಿಯನ್ನು ಕಂಡು ಹಿಗ್ಗಿ, ಮಂಡಕ್ಕಿಗೆ ಒಗ್ಗರಣೆ ಹಾಕಿ ಮಂಡಾಳು ಮಾಡಿ ತಂದಿಟ್ಟಳು. ಅಮರಮ್ಮ ತಾಟನ್ನು ಮುಟ್ಟದೆ ನೇರ ವಿಷಯಕ್ಕೇ ಬಂದಳು. ಆಕೆಗೆ ಬೇಕಿದ್ದದ್ದು ಒಂದು ನೀಲಿ ಸೀರೆಯ ತುಂಡು. ಅದು ಶರಣಮ್ಮ ಹುಟ್ಟಿದ ಮೇಲೆ ಅವಳಿಗೆಂದು ಹೊಲಿದ ಕೂಸಿನ ಕೌದಿಯಲ್ಲಿತ್ತು. ಆ ಪುಟ್ಟ ಕೌದಿಯ ಮೇಲೆ ಶರಣಮ್ಮನೂ ಮಲಗಿದ್ದಳು, ಅವಳ ಮಕ್ಕಳೂ ಮಲಗಿದ್ದವು.

ಶರಣಮ್ಮ ಹುಟ್ಟಿದ್ದು ಗದ್ದೆಯ ಬದುವಿನ ಮೇಲೆ. ತುಂಬು ಬಸುರಿಯಾಗಿಯೂ ಅಮರಮ್ಮ ನಾಟಿಗೆ ಬಗ್ಗಿದ್ದಳು. ಒಂದು ಮುಂಜಾನೆ ನೋವು ಬಂದಾಗ ಜೊತೆಯ ಹೆಂಗಸರು ಸುತ್ತ ಸೆರಗು ಹಿಡಿದು ನಿಂತರು. ಹುಟ್ಟಿದ ಕೂಸನ್ನು ಸುತ್ತಲು ಅಮರಮ್ಮ ಉಟ್ಟಿದ್ದ ನೀಲಿ ಸೀರೆಯನ್ನೇ ಅರ್ಧ ಹರಿದರು. ದಿನವೂ ಹೆರಿಗೆ ನೋಡುವ ನಾನೂ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದೆ.

"ಅದನ್ನ ಕೊಡಂಗಿಲ್ಲಬೇ. ಅದು ನಂದು" ಅಂದಳು ಶರಣಮ್ಮ.

"ನಿಂದು ಹೆಂಗಾತು? ಉಟ್ಟಾಕಿ ನಾನು."

"ಅದರಾಗ ಕಣ್ಣು ಬಿಟ್ಟಾಕಿ ನಾನು!"

"ಹೆತ್ತಾಕಿ ನಾ ಅಲ್ಲೇನು?"

"ಹುಟ್ಟಿದಾಕಿ ನಾ ಅಲ್ಲೇನು?"

ಇಬ್ಬರ ಮಾತೂ ನಿಜವಾಗಿತ್ತು. ನಾನು ಮಂಡಾಳು ಅಗಿಯುವುದನ್ನೂ ಮರೆತು ಆ ಕಡೆ ಈ ಕಡೆ ನೋಡುತ್ತಿದ್ದೆ. ಒಂದೇ ಸೀರೆಯ ತುಂಡು, ಒಂದೇ ಮುಂಜಾನೆ, ಅದು ಯಾರ ಬದುಕಿನದು?

ಶರಣಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಒಬ್ಬಾಕೀದ ಬಟ್ಟೀಲೆ ಪೂರಾ ಕೌದಿ ಹೊಲದ್ರ, ಅದು ಸುಡುಗಾಡಿಗೆ ಹೊತ್ಕೊಂಡು ಹೋಗಾಕ ಅಂತಾರ. ನಿನಗ ಗೊತ್ತಿಲ್ಲೇನು? ಊರಾಗಿನ ಮಂದಿ ಏನಂತಾರ? ಯಾಕ ಬೇಕು ನಿನಗ ಇದು? ಯಾವ ರಾಣಿ ಅಂತ ಗ್ವಾಡಿಗೆ ಹಾಕಸ್ಕೊಳ್ಳಾಕ ಹೊಂಟೀದಿ?"

ಅಮರಮ್ಮ ಎದ್ದಳು. ಬಂದು ಸ್ಕೂಟಿಯ ಹಿಂದೆ ಕೂತಳು. ಮಗಳಿಗೆ ಸಾವಿನ ಭಯ. ತಾಯಿಗೆ ನಾಟಿದ್ದು ಆ ಕೊನೆಯ ಮಾತು ಎಂದು ನನಗೆ ಅನಿಸುತ್ತಿತ್ತು. ಊರು ಹತ್ತಿರವಾದಾಗ ಕಿವಿಯ ಹತ್ತಿರ ಬಂದು ಕೇಳಿದಳು. "ಅಲ್ಲ ಸಿಸ್ಟರವ್ವ, ರಾಣಿ ಆಗಬೇಕೇನು ಇದಕ್ಕ?"

ನಾನು ಗಾಳಿಗೆ ಕೇಳಿಸಲಿಲ್ಲ ಎನ್ನುವ ಹಾಗೆ ಗಾಡಿ ಓಡಿಸಿದೆ.

ಹೊಲಿಗೆ ಶುರುವಾಯಿತು. ತಂದ ತುಂಡುಗಳನ್ನೆಲ್ಲ ಚಾಪೆಯ ಮೇಲೆ ಹರವಿದಳು. ತವರಿನಲ್ಲಿ ಉಟ್ಟ ಲಂಗದ ಚೂರು, ಮದುವೆಯ ಸೀರೆಯ ಒಂದಿಷ್ಟು ಹಸಿರು ಬಿಟ್ಟರೆ ಉಳಿದದ್ದೆಲ್ಲ ದುಡಿಯುವಾಗ ಉಟ್ಟವು. ಕೆಂಪಾಗಿದ್ದದ್ದು, ಹಳದಿಯಾಗಿದ್ದದ್ದು, ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಅಮರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. "ಏನೂ ಕಾಣವಲ್ದಲ್ಲ. ಆಕೀದರಾಗ ಗಿಳಿ ಇತ್ತು, ಬಾವಿ ಇತ್ತು" ಅಂದಳು. ಒಂದು ಗಿಳಿ ಮಾಡೋಣವೆಂದು ಕತ್ತರಿಸಿದಳು. ಅದು ಕೋಳಿಯ ಹಾಗೆ ಆಯಿತು. ಅದಕ್ಕೆ ನಾನು ನಕ್ಕದ್ದನ್ನು ಕಂಡು ತಾನೂ ನಕ್ಕು, ಕೋಳಿಯನ್ನು ಚಿಂದಿಯ ಗಂಟಿಗೆ ಎಸೆದಳು.

ಆಮೇಲೆ ತನಗೆ ಬರುವುದನ್ನು ಮಾಡಿದಳು. ನಾಟಿ ಮಾಡುವಾಗ ಹಗ್ಗ ಹಿಡಿದು, ಸಾಲು ಕಟ್ಟಿ, ಹಿಂದೆ ಹಿಂದೆ ಸರಿಯುತ್ತ ಬರುತ್ತಾರೆ, ಹಚ್ಚಿದ್ದು ಕಣ್ಣ ಮುಂದೆ ಇರುತ್ತದೆ. ಹಾಗೆಯೇ ಹೊರ ಅಂಚಿನಿಂದ ಸಾಲು ಸಾಲಾಗಿ ತುಂಡುಗಳನ್ನಿಟ್ಟು, ಸುತ್ತು ಬರುತ್ತ ನಡುವಿನ ಕಡೆ ಹೊಲಿಯುತ್ತ ಬಂದಳು. ಹೊರಗೆ ತವರಿನ ಪರಕಾರದ ಬಟ್ಟೆ, ಆಮೇಲೆ ಮದುವೆಯ ಹಸಿರು, ಆಮೇಲೆ ಹುಲಿಗೆಮ್ಮ ಕೊಟ್ಟ ಇಟ್ಟಿಗೆ ಕೆಂಪು. ದಾರದ ಹೊಲಿಗೆಗಳು ಭತ್ತದ ಸಸಿ ಹಚ್ಚಿದ ಹಾಗೆ ಒಂದೇ ಅಂತರದಲ್ಲಿ ಬೀಳುತ್ತಿದ್ದವು. ದಾರಿಯಲ್ಲಿ ಹೋಗುವವರು, "ಏನಬೇ ಅಮರಮ್ಮ, ನಿನ್ನ ಪುರಾಣ ಬರಿಯಾಕತ್ತೀಯೇನು?" ಎಂದು ಚೇಷ್ಟೆ ಮಾಡುತ್ತಿದ್ದರು. "ಹೂಂ, ನಿನ್ನ ಸುದ್ದೀನೂ ಬರ್ತೈತಿ, ಅಂಜಿಕಿರಲಿ" ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು. ಯಾರೂ ಇಲ್ಲದಾಗ ಮಾತ್ರ ಸೂಜಿ ನಿಲ್ಲಿಸಿ ಖಾಲಿ ನಡುವನ್ನು ನೋಡುತ್ತ ಕೂರುತ್ತಿದ್ದಳು. ನೀಲಿ ಬರಬೇಕಾದ ಜಾಗ ಅದು. ಟ್ರಂಕಿನಿಂದ ಇನ್ನಾವುದಾದರೂ ನೀಲಿ ಹಾಕಿದರಾಯಿತು ಎಂದು ನಾನು ಒಮ್ಮೆ ಅಂದೆ. ಎಂಥ ಪೆದ್ದು ಮಾತಾಡುತ್ತೀ ಎನ್ನುವ ಹಾಗೆ ನನ್ನನ್ನು ನೋಡಿದಳು.

ಮೊದಲ ಮಳೆ ಬಿತ್ತು. ಕಾಲುವೆಗೆ ನೀರು ಬಿಡುತ್ತಾರೆ ಎಂಬ ಸುದ್ದಿ ಬಂತು. ಸಸಿಮಡಿಗಳಿಗೆ ಬೀಜ ಚೆಲ್ಲಿದರು. ನೀರು ಬಂತೆಂದರೆ ಸೂರ್ಯ ಹುಟ್ಟುವ ಮೊದಲೇ ಗದ್ದೆಗೆ ಇಳಿಯಬೇಕು, ಆಮೇಲೆ ಸೂಜಿ ಹಿಡಿಯಲು ಬೆರಳೇ ಬಾಗುವುದಿಲ್ಲ. ಅಷ್ಟರೊಳಗೆ ಕೌದಿ ಮುಗಿಯದಿದ್ದರೆ ಮುಂದಿನ ಬೇಸಿಗೆಯೇ ಗತಿ. ಅಮರಮ್ಮ ಮಗಳಿಗೆ ಹೇಳಿ ಕಳಿಸಲಿಲ್ಲ. ನಾನು ಕದ್ದು ಶರಣಮ್ಮನಿಗೆ ಫೋನು ಹಚ್ಚಿ, ನಡು ಖಾಲಿ ಬಿಟ್ಟಿದ್ದಾಳೆ ಎಂದಷ್ಟೇ ಹೇಳಿದೆ. ಶರಣಮ್ಮ ಫೋನು ಇಟ್ಟಳು.

ನೀರು ಬಂದ ಮುಂಜಾನೆ ಊರಿಗೆ ಊರೇ ಕಾಲುವೆಯ ದಂಡೆಗೆ ಹೋಗಿ ನಿಂತಿತ್ತು. ಮುಂದೆ ನೊರೆ, ಕಸಕಡ್ಡಿ, ಹುಡುಗರು ಮರೆತುಬಿಟ್ಟ ಒಂದು ಚೆಂಡು, ಹಿಂದೆ ಕೆಂಪು ನೀರು. ಅದನ್ನು ನೋಡಿ ಮನೆಗೆ ಬಂದರೆ ಕಟ್ಟೆಯ ಮೇಲೆ ಶರಣಮ್ಮ ಕೂತಿದ್ದಳು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಬೆಳಗಿನ ಬಸ್ಸಿಗೆ ಬಂದಿದ್ದಳು. ತಾಯಿಯ ಮುಖ ನೋಡದೆ ಚೀಲವನ್ನು ಮುಂದೆ ಸರಿಸಿದಳು. "ನೀನ ಕತ್ತರಿಸ್ಕೋ. ನನ್ನ ಕೈಲೆ ಆಗಂಗಿಲ್ಲ."

ಪುಟ್ಟ ಕೌದಿ ಅದು. ಒಗೆದು ಒಗೆದು ಮೆತ್ತಗಾಗಿತ್ತು. ನಡುವೆ ಆ ನೀಲಿ, ಸುತ್ತ ಶರಣಮ್ಮನ ಅಪ್ಪನ ಧೋತರದ ತುಂಡು, ಯಾರ ಯಾರದೋ ಕುಬಸದ ಬಟ್ಟೆ. ಅಮರಮ್ಮ ಅದನ್ನು ಮೂಸಿ ನೋಡಿದಳು. ಕತ್ತರಿ ತೆಗೆದುಕೊಂಡಳು. ಶರಣಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಕತ್ತರಿಯ ಸದ್ದಿಗಾಗಿ ನಾವಿಬ್ಬರೂ ಕಾದೆವು. ಸದ್ದು ಬರಲಿಲ್ಲ.

ಅಮರಮ್ಮ ಕತ್ತರಿ ಕೆಳಗಿಟ್ಟು, ದೊಡ್ಡ ಕೌದಿಯ ಮೇಲಿನ ಪದರವನ್ನು ಎತ್ತಿ, ಪುಟ್ಟ ಕೌದಿಯನ್ನು ಮಡಚಿ ಇಡಿಯಾಗಿ ಒಳಗೆ ಸೇರಿಸುತ್ತಿದ್ದಳು.

"ಒಳಗ ಹಾಕಿದ್ರ ಮ್ಯಾಲ ಕಾಣಂಗಿಲ್ಲಲ್ಲಬೇ!" ಅಂದಳು ಶರಣಮ್ಮ.

"ಕಾಣಲಿಲ್ಲಂದ್ರ ಏನಾತು? ಐತಲ್ಲ."

ಶರಣಮ್ಮ ಕಣ್ಣೊರೆಸಿಕೊಂಡು ಹತ್ತಿರ ಬಂದು ಕೂತಳು. ಅಪ್ಪನ ಧೋತರದ ತುಂಡನ್ನು ಮುಟ್ಟಿ, "ಈಗ ಇದು ಒಬ್ಬಾಕೀದು ಅಲ್ಲ" ಎಂದು ತನಗೆ ತಾನೇ ಅಂದುಕೊಂಡಳು. ಆ ಮಾತಿನಿಂದ ಆಕೆಯ ಭಯ ಇಳಿದದ್ದು ಮುಖದಲ್ಲೇ ಕಂಡಿತು. ಅಮರಮ್ಮನಿಗೂ ಕೇಳಿಸಿತ್ತು. ಇಡೀ ಬೇಸಿಗೆ ಒಂದೇ ಹಟ ಹಿಡಿದವಳು ಈಗ ಅಲ್ಲಗಳೆಯಲಿಲ್ಲ. ಉಟ್ಟ ಸೀರೆಯ ಸೆರಗನ್ನೇ ಹರಿದು ನಡುವಿನ ಮೇಲ್ತುಂಡಾಗಿ ಇಟ್ಟಳು.

ಕೌದಿಯನ್ನು ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸಬೇಕು ಎಂದು ಅವರ ಮನೆಯಲ್ಲೊಂದು ಪದ್ಧತಿ. ಕೌದಿ ಉಪವಾಸ ಇದ್ದರೆ ಹೊದ್ದವರೂ ಉಪವಾಸ ಮಲಗುತ್ತಾರಂತೆ. ಶರಣಮ್ಮ ಒಲೆ ಹಚ್ಚಿ ಹೋಳಿಗೆ ಮಾಡಿದಳು. ಬೆರಳಿನಷ್ಟು ತುಂಡನ್ನು ಪುಟ್ಟ ಕೌದಿಯ ಮಡಿಕೆಯಲ್ಲಿಟ್ಟು ತಾಯಿ ಮಗಳು ಎರಡೂ ಕಡೆಯಿಂದ ಹೊಲಿದು ಮುಚ್ಚಿದರು. ಉಳಿದ ಹೋಳಿಗೆ ನಾವು ತಿಂದೆವು. ಮರುದಿನ ನಸುಕಿನಲ್ಲಿ ಅಮರಮ್ಮನ ಧ್ವನಿ ಓಣಿಯ ಆ ತುದಿಯವರೆಗೆ ಕೇಳಿಸಿತು, ನಾನು ಕಿವಿಯಾರೆ ಕೇಳಿದೆ.

ಚಳಿಗಾಲಕ್ಕೆ ಲಿಂಗಸುಗೂರಿನಲ್ಲಿ ಮತ್ತೆ ಪ್ರದರ್ಶನ ಇಟ್ಟರು. ಕೌದಿಯನ್ನು ಹೊತ್ತುಕೊಂಡು ನಾವಿಬ್ಬರೂ ಹೋದೆವು. ಮೇಡಂಗೆ ಅಮರಮ್ಮನ ನೆನಪಿತ್ತು, ಖುಷಿಯಿಂದ ಬಾಗಿಲಿಗೆ ಎದುರಾಗಿರುವ ಗೋಡೆಯನ್ನೇ ಕೊಟ್ಟರು. ತೂಗು ಹಾಕಿದ ಮೇಲೆ ಕೌದಿಯ ನಡು ಮುಂದಕ್ಕೆ ಉಬ್ಬಿ ನಿಂತಿತು. ಎಷ್ಟು ಎಳೆದು ಕಟ್ಟಿದರೂ ಸಮನಾಗಲಿಲ್ಲ. "ಇರಲಿ ಬಿಡ್ರಿ, ಹಂಗ ಇರಲಿ" ಅಂದಳು ಅಮರಮ್ಮ. ಬಂದವರು ಗಿಳಿ ಆನೆಗಳ ಮುಂದೆ ಹೆಚ್ಚು ಹೊತ್ತು ನಿಂತರು. ಇವಳ ಕೆಸರು ಬಣ್ಣದ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋದರು. ಅಮರಮ್ಮ ಮಾತ್ರ ಹೊಸ ಸೀರೆಯುಟ್ಟು, ಬೀಗರ ಮನೆಯವರು ಬರುವುದನ್ನು ಕಾಯುವವಳ ಹಾಗೆ ಅದರ ಪಕ್ಕದಲ್ಲೇ ನಿಂತಿದ್ದಳು.

ಸಂಜೆಯ ಹೊತ್ತಿಗೆ ನಮ್ಮವ್ವ ಬಂದಳು. ನಾನು ಕರೆದಿದ್ದೆ, ಬರುತ್ತಾಳೆಂದು ನಂಬಿರಲಿಲ್ಲ. ಮಗಳನ್ನು ನೋಡಲು ಬಂದೆ, ಕೌದಿ ನೋಡಲು ಅಲ್ಲ ಎಂಬ ಮುಖ ಮಾಡಿಕೊಂಡೇ ಒಳಗೆ ಬಂದಳು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ದೂರದಲ್ಲೇ ನಿಂತು ನೋಡಿದಳು. ಆಮೇಲೆ ಒಂದು ಹೆಜ್ಜೆ ಹತ್ತಿರ ಹೋದಳು.

"ಇಷ್ಟೂ ನಿಮ್ಮವ ಏನ್ರಿ?" ಎಂದು ಅಮರಮ್ಮನನ್ನು ಕೇಳಿದಳು.

"ಮ್ಯಾಲಿನವು ನಾ ಉಟ್ಟವ ರೀ."

"ಏನ್ ಮಾಡ್ತಿದ್ರಿ ಇವನ್ನ ಉಟ್ಗೊಂಡು?"

"ನೆಲ್ಲು ಹಚ್ಚತಿದ್ದೆ."

ನಮ್ಮವ್ವ ತಲೆಯಾಡಿಸಿದಳು. ಕಣ್ಣು ಸಾಲುಗಳ ಗುಂಟ ಹೊರಗಿನಿಂದ ಒಳಗೆ ಹೋಗಿ ನಡುವೆ ನಿಂತಿತು. ಸೆರಗಿನೊಳಗಿನ ಕೈ ಹೊರಗೆ ಬಂತು. ವರ್ಷಗಟ್ಟಲೆ ಯಾವ ಕೌದಿಯನ್ನೂ ಮುಟ್ಟದ ಆ ಕೈ ಉಬ್ಬಿದ ಜಾಗದ ಮೇಲೆ ಮೆಲ್ಲಗೆ ಕೂತಿತು.

"ಇಲ್ಯಾಕ್ರಿ ಹಿಂಗ ಉಬ್ಬೇತಿ? ತಪ್ಪಿ ಹೊಲದೀರೇನು?"

"ಇಲ್ರಿಯವ್ವ" ಅಂದಳು ಅಮರಮ್ಮ. "ಅಲ್ಲಿ ನಾ ಬಸುರಿದ್ದೆ."

ನಮ್ಮವ್ವ ಕೈ ತೆಗೆಯಲಿಲ್ಲ.